ಎರವಲು ಚಿತ್ರ, ಸ್ವಂತ ಮಾತು: ಇಂದ್ರಜಾಲ ಕಾಮಿಕ್ಸ್ ಮತ್ತು ಕನ್ನಡ

ಅನುವಾದವನ್ನು ಕುರಿತ ನಮ್ಮ ಚರ್ಚೆಗಳು ಸಾಮಾನ್ಯವಾಗಿ ಕಾವ್ಯ, ನಾಟಕ, ಕಾದಂಬರಿಗಳ ಸುತ್ತಲೇ ನಡೆಯುತ್ತವೆ. ಮಕ್ಕಳ ಕೈಯಲ್ಲಿ ಹರಿದುಹೋಗುವ ಚಿತ್ರಕಥೆಗಳನ್ನು ವಿದ್ವಾಂಸರು ಗಂಭೀರವಾಗಿ ಪರಿಗಣಿಸಿದ್ದು ಕಡಿಮೆ. ಆದರೆ ಕಳೆದ ಶತಮಾನದ ಉತ್ತರಾರ್ಧದಲ್ಲಿ ಒಂದಿಡೀ ತಲೆಮಾರಿಗೆ ಓದಿನ ರುಚಿ ಹತ್ತಿಸಿದ ಪ್ರಕಾರವಿದು. ಪರದೇಶದ ಸಂಸ್ಥೆಯಿಂದ ಪರವಾನಗಿ ಪಡೆದು, ಅವರ ಚಿತ್ರಗಳಿಗೆ ನಮ್ಮ ಮಾತನ್ನು ಕೂಡಿಸಿ ಪ್ರಕಟಿಸುವ ಉದ್ಯಮದ ಶಕ್ತಿ ಯಾವುದು, ಮಿತಿ ಯಾವುದು ಎಂಬುದನ್ನು ಮುಂಬಯಿಯ ಇಂದ್ರಜಾಲ ಕಾಮಿಕ್ಸ್ ಮಾಲೆಯ ಚರಿತ್ರೆಯಿಂದ ತಿಳಿಯಬಹುದು.

ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯ ಒಡೆತನದ ಬೆನೆಟ್, ಕೋಲ್ಮನ್ ಸಂಸ್ಥೆ 1964ರ ಮಾರ್ಚ್ ತಿಂಗಳಲ್ಲಿ ಈ ಮಾಲೆಯನ್ನು ಆರಂಭಿಸಿತು. ಕಥೆಗಳು ಅಮೆರಿಕದ ಕಿಂಗ್ ಫೀಚರ್ಸ್ ಸಿಂಡಿಕೇಟಿನವು. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್ ಮೊದಲ 32 ಸಂಚಿಕೆಗಳ ಏಕೈಕ ನಾಯಕ. ಆ ಬಳಿಕ ಅದೇ ಲೇಖಕನ ಮಾಂಡ್ರೇಕ್, ಫ್ಲ್ಯಾಶ್ ಗಾರ್ಡನ್, ರಿಪ್ ಕರ್ಬಿ ಮೊದಲಾದವರು ಬಂದರು. ಮಾಸಿಕವಾಗಿದ್ದ ಮಾಲೆ ಪಾಕ್ಷಿಕವಾಗಿ, ಕೊನೆಗೆ ಸಾಪ್ತಾಹಿಕವಾಗಿ ಬೆಳೆಯಿತು. ಇಂಗ್ಲಿಷಿನ ಜೊತೆಗೆ ಹಿಂದಿ, ಮರಾಠಿ, ಬಂಗಾಳಿ, ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಅದು ಹೊರಬಂದಿತು. ಇದರ ಆರಂಭದ ದಿನಗಳಲ್ಲಿ ದುಡಿದವರಲ್ಲಿ ಪ್ರಮುಖರು, 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಮುಂಬಯಿ ಸೇರಿದ ಅನಂತ ಪೈ.

ಪರವಾನಗಿಯ ಪ್ರಕಟಣೆಯೆಂದರೆ ಇದ್ದುದನ್ನು ಇದ್ದಂತೆ ಅಚ್ಚು ಮಾಡುವುದಲ್ಲ. ಫ್ಯಾಂಟಮ್ ವಾಸಿಸುವ ಕಲ್ಪಿತ ನಾಡಿನ ಹೆಸರು ಮೂಲದಲ್ಲಿ ಬೆಂಗಾಲಾ. ಅದು ಬಂಗಾಳವನ್ನು ನೆನಪಿಸುವುದರಿಂದ ಇಲ್ಲಿ ಡೆಂಕಾಲಿಯಾಯಿತು. ಸಿಂಗ್ ಎಂಬ ಕಡಲ್ಗಳ್ಳರ ಪಂಗಡ ಸಿಂಗಾ ಎಂದಾಯಿತು. ನಾಯಕನ ತಂದೆಯನ್ನು ಕೊಂದ ದುಷ್ಟನಿಗೆ ಮೂಲದಲ್ಲಿದ್ದ ರಾಮ ಎಂಬ ಹೆಸರನ್ನು ರಾಮಾಲು ಎಂದು ಬದಲಿಸಲಾಯಿತು. ಅಕ್ಷರವೊಂದೆರಡರ ಈ ತಿದ್ದುಪಡಿಗಳ ಹಿಂದೆ ಓದುಗನ ನಾಡು, ನಂಬಿಕೆಗಳನ್ನು ಕುರಿತ ಸ್ಪಷ್ಟ ತಿಳಿವಳಿಕೆಯಿದೆ.

ರೂಪಾಂತರ ಕನ್ನಡಕ್ಕೆ ಹೊಸದಲ್ಲ. ಚುರಮುರಿ ಶೇಷಗಿರಿರಾಯರು 1885ರಲ್ಲಿಯೇ ಷೇಕ್ಸ್‌ಪಿಯರನ ಒಥೆಲೊವನ್ನು ರಾಘವೇಂದ್ರರಾವ್ ನಾಟಕವನ್ನಾಗಿಸಿದ್ದರು. ಆದರೆ ನಾಟಕದ ರೂಪಾಂತರಕಾರನಿಗೆ ವೇಷ, ಊರು, ಆಚಾರ ಎಲ್ಲವನ್ನೂ ಬದಲಿಸುವ ಸ್ವಾತಂತ್ರ್ಯವಿತ್ತು. ಚಿತ್ರಕಥೆಯ ಅನುವಾದಕನಿಗೆ ಚಿತ್ರ ಮೊದಲೇ ನಿಶ್ಚಿತವಾದದ್ದು. ಅವನ ಪಾಲಿಗೆ ಉಳಿಯುವುದು ಮಾತಿನ ಬಲೂನು ಮಾತ್ರ. ಅದರ ಅಳತೆಯೂ ಇಂಗ್ಲಿಷಿಗೆ ಹೊಂದಿದ್ದು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವ, ಪ್ರತ್ಯಯಗಳು ಸೇರಿ ಪದ ಉದ್ದವಾಗುವ ಕನ್ನಡಕ್ಕೆ ಅದು ಇಕ್ಕಟ್ಟಿನ ಜಾಗ. ಇದಕ್ಕಿಂತ ಸೂಕ್ಷ್ಮವಾದದ್ದು ಸರ್ವನಾಮದ ಸಮಸ್ಯೆ. ಇಂಗ್ಲಿಷಿನ ಒಂದೇ ಮಧ್ಯಮಪುರುಷ ಸರ್ವನಾಮಕ್ಕೆ ಕನ್ನಡದಲ್ಲಿ ನೀನು, ನೀವು ಎಂಬ ಎರಡು ದಾರಿಗಳಿವೆ. ಕಾಡಿನವರು ಫ್ಯಾಂಟಮ್‌ನನ್ನು ಹೇಗೆ ಕರೆಯಬೇಕು, ಡಯಾನಾ ಹೇಗೆ ಕರೆಯಬೇಕು ಎಂದು ತೀರ್ಮಾನಿಸುವಾಗ ಅನುವಾದಕ ಮೂಲದಲ್ಲಿ ನುಡಿಯದೇ ಉಳಿದ ಸಾಮಾಜಿಕ ಸಂಬಂಧವೊಂದನ್ನು ತಾನೇ ನಿರ್ಣಯಿಸುತ್ತಾನೆ. ಎರವಲು ಚಿತ್ರದೊಳಗೆ ಸ್ವಂತಿಕೆ ಮೂಡುವುದು ಇಂತಹ ಕಡೆಗಳಲ್ಲಿ.

ಇದೇ ಕಾಲದಲ್ಲಿ ಬೆಂಗಳೂರಿನಲ್ಲಿ ಮತ್ತೊಂದು ಪ್ರಯತ್ನ ನಡೆಯಿತು. ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಜಿ. ಕೆ. ಅನಂತರಾಮ್ ಅವರ ಆಸಕ್ತಿಯಿಂದ 1965ರಲ್ಲಿ ಅಮರ ಚಿತ್ರಕಥೆಯ ಮೊದಲ ಸಂಚಿಕೆಗಳು ಕನ್ನಡದಲ್ಲಿ ಪ್ರಕಟವಾದವು. ಅವೂ ಸಿಂಡರೆಲಾ, ಸ್ನೋ ವೈಟ್ ಮುಂತಾದ ಪಾಶ್ಚಾತ್ಯ ಕಥೆಗಳ ರೂಪಾಂತರಗಳೇ. ಅಮರ ಚಿತ್ರಕಥೆಯ ಹುಟ್ಟಿಗೆ, 1967ರಲ್ಲಿ ಅನಂತ ಪೈ ದೆಹಲಿಯ ದೂರದರ್ಶನದಲ್ಲಿ ಕಂಡ ರಸಪ್ರಶ್ನೆ ಕಾರ್ಯಕ್ರಮವೇ ಕಾರಣವೆಂಬ ಕಥೆ ಜನಜನಿತವಾಗಿದೆ. ಗ್ರೀಕ್ ಪುರಾಣ ಬಲ್ಲ ಮಕ್ಕಳಿಗೆ ರಾಮನ ತಾಯಿಯ ಹೆಸರು ತಿಳಿಯದಿದ್ದುದು ಅವರನ್ನು ಕಲಕಿತಂತೆ. ಆ ಕಥೆ ಸುಳ್ಳಲ್ಲ, ಆದರೆ ಅಪೂರ್ಣ. ಭಾರತೀಯ ವಸ್ತುವಿನ ಮೊದಲ ಸಂಚಿಕೆಯಾದ ‘ಕೃಷ್ಣ’ಕ್ಕೆ 11ನೆಯ ಸಂಖ್ಯೆ ಬಂದದ್ದೇ ಅದಕ್ಕೆ ಮುಂಚಿನ ಹತ್ತು ಸಂಚಿಕೆಗಳ ಕಾರಣದಿಂದ. ಪ್ರಸಿದ್ಧ ಮಾಲೆಯೊಂದರ ಆರಂಭ ಕನ್ನಡದಲ್ಲಿ ಆಯಿತೆಂಬ ಸಂಗತಿ ಆ ಸಂಖ್ಯೆಯ ಹಿಂದೆ ಅಡಗಿದೆ.

ಎರಡು ಮಾಲೆಗಳ ಮುಂದಿನ ಗತಿ ಬೇರೆಬೇರೆಯಾಯಿತು. ಇಂದ್ರಜಾಲ 1976ರಲ್ಲಿ ಆಬಿದ್ ಸುರತಿಯವರ ಬಹಾದೂರ್ ಎಂಬ ಭಾರತೀಯ ನಾಯಕನನ್ನು ಪರಿಚಯಿಸಿತಾದರೂ ಅದರ ಆಧಾರಸ್ತಂಭ ಎರವಲಿನ ಪಾತ್ರಗಳೇ ಆಗಿದ್ದವು. ಸುಮಾರು 800 ಸಂಚಿಕೆಗಳ ಬಳಿಕ 1990ರಲ್ಲಿ ಅದು ನಿಂತಿತು. ಆಮೇಲೆ ಫ್ಯಾಂಟಮ್ ದೆಹಲಿಯ ಡೈಮಂಡ್ ಕಾಮಿಕ್ಸ್ ಮೂಲಕ ಬೇರೆ ಮನೆ ಸೇರಿದ. ಅಮರ ಚಿತ್ರಕಥೆಯಾದರೋ ಎರವಲಿನಿಂದ ಆರಂಭವಾಗಿ ತನ್ನದೇ ಕಥೆ, ತನ್ನದೇ ಚಿತ್ರಗಳನ್ನು ಕಟ್ಟಿಕೊಂಡಿತು. 2007ರಲ್ಲಿ ಒಡೆತನ ಬದಲಾದ ಮೇಲೂ ಉಳಿಯಿತು. ಪರವಾನಗಿ ಪಡೆದ ಪ್ರಕಾಶಕ ಬಾಡಿಗೆ ಮನೆಯವನಂತೆ. ಎಷ್ಟೇ ಅಲಂಕರಿಸಿದರೂ ಗೋಡೆ ಮತ್ತೊಬ್ಬರದು.

ಹಾಗೆಂದು ಇಂದ್ರಜಾಲದ ಸಾಧನೆ ಕಿರಿದಲ್ಲ. ಅದರ ಕನ್ನಡ ಸಂಚಿಕೆಗಳಲ್ಲಿನ ಸಂಬೋಧನೆ, ಉದ್ಗಾರ, ಅನುಕರಣ ಶಬ್ದಗಳು ಆಡುನುಡಿಯನ್ನು ಅಚ್ಚಿಗಿಳಿಸಿದ ಪ್ರಯೋಗಗಳಾಗಿ ಅಧ್ಯಯನಕ್ಕೆ ಯೋಗ್ಯವಾಗಿವೆ. ಹಗುರ ಕಾಗದದ ಈ ಪುಸ್ತಿಕೆಗಳು ವಿಶ್ವವಿದ್ಯಾಲಯದ ಗ್ರಂಥಾಲಯಗಳಿಗಿಂತ ಹಳೆಯ ಪುಸ್ತಕದ ಅಂಗಡಿಗಳಲ್ಲಿ, ಮನೆಯ ಅಟ್ಟಗಳಲ್ಲಿ ಸಿಗುವುದೇ ಹೆಚ್ಚು. ಮುಂಬಯಿಯ ಕನ್ನಡ ವಿದ್ಯಾರ್ಥಿಗಳು ಅವುಗಳನ್ನು ಸಂಗ್ರಹಿಸಿ, ಮರಾಠಿ, ಹಿಂದಿ ಆವೃತ್ತಿಗಳೊಡನೆ ಹೋಲಿಸಿ ನೋಡಿದರೆ ನಮ್ಮ ಅನುವಾದ ಚರಿತ್ರೆಗೆ ಹೊಸದೊಂದು ಅಧ್ಯಾಯ ಸೇರುತ್ತದೆ. ಹಲವು ಭಾಷೆಗಳ ನಡುವೆ ಬದುಕುವ ಹೊರನಾಡ ಕನ್ನಡಿಗರಿಗೆ ಈ ಕೆಲಸದಲ್ಲಿ ಸಹಜವಾದ ಅನುಕೂಲವೂ ಇದೆ.