ಉಸಿರಿಗೂ ಒಂದು ಪಾಲು ಬಿಡೋಣ

ಹೊಟ್ಟೆಯ ಒಂದು ಪಾಲು ಊಟಕ್ಕೆ, ಒಂದು ಪಾಲು ನೀರಿಗೆ, ಇನ್ನೊಂದು ಪಾಲು ಉಸಿರಿಗೆ ಇರಲಿ ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ನಾವೆಲ್ಲ ಕೇಳಿದ್ದೇವೆ. ಜುಮಾ ಪ್ರವಚನದಲ್ಲಿ ಕೇಳಿ ತಲೆದೂಗುತ್ತೇವೆ, ಮದುವೆ ಮನೆಯ ದಸ್ತರ್‌ಖಾನದ ಮುಂದೆ ಕುಳಿತಾಗ ಮರೆಯುತ್ತೇವೆ. ಆದರೆ ಈ ಬೋಧನೆಯಲ್ಲಿ ಆರೋಗ್ಯದ ದೊಡ್ಡ ಸತ್ಯವಿದೆ. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆ ಇದೆ. ಉಸಿರು ಎಳೆದಾಗ ಅದು ಕೆಳಗಿಳಿಯಬೇಕು. ಹೊಟ್ಟೆ ಬಿರಿಯುವಂತೆ ಉಂಡರೆ ಅದಕ್ಕೆ ಇಳಿಯಲು ಜಾಗ ಸಾಲದು. ಆರೋಗ್ಯವಂತರಿಗೆ ಇದು ಗೊತ್ತಾಗದಿರಬಹುದು. ದಮ್ಮು ಇರುವವರಿಗೆ ಚೆನ್ನಾಗಿ ಗೊತ್ತು. ಅವರಿಗೆ ವೈದ್ಯರು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣ್ಣಲು ಹೇಳುವುದು ಇದಕ್ಕೇ.

ಧೂಳು ಮತ್ತು ಬೆಲ್ಲ

ಸಂಡೂರು, ಹೊಸಪೇಟೆ ಕಡೆಯವರಿಗೆ ಧೂಳಿನ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. 2000ದ ದಶಕದಲ್ಲಿ ಅದಿರಿನ ಲಾರಿಗಳ ಸಾಲು ರಸ್ತೆ ಬದಿಯ ಗಿಡಮರಗಳನ್ನೆಲ್ಲ ಕೆಂಪಾಗಿಸಿತ್ತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ನಂತರ ಕಟ್ಟುಪಾಡುಗಳೊಂದಿಗೆ ಅದು ಮತ್ತೆ ಆರಂಭವಾಯಿತು. ಗಣಿಯಲ್ಲಿ, ಕ್ರಷರ್‌ನಲ್ಲಿ, ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ದುಡಿಯುವ ನಮ್ಮ ಸಹೋದರರು ಇಂದಿಗೂ ಧೂಳಿನೊಂದಿಗೇ ಇದ್ದಾರೆ.

ಧೂಳಿನಲ್ಲಿ ದುಡಿದವರು ಸಂಜೆ ಬೆಲ್ಲ ತಿಂದರೆ ಎದೆಯೊಳಗಿನ ಧೂಳು ಇಳಿಯುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಆದರೆ ಯೋಚಿಸಿ. ನುಂಗಿದ್ದು ಅನ್ನನಾಳದಲ್ಲಿ ಹೋಗುತ್ತದೆ, ಉಸಿರು ಶ್ವಾಸನಾಳದಲ್ಲಿ ಹೋಗುತ್ತದೆ. ಬೆಲ್ಲವಾಗಲಿ ಬಾಳೆಹಣ್ಣಾಗಲಿ ಶ್ವಾಸಕೋಶವನ್ನು ತಲುಪಿ ಅದನ್ನು ಗುಡಿಸಲಾರದು. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಕಣಗಳು ಶ್ವಾಸಕೋಶವನ್ನು ಗಟ್ಟಿ ಮಾಡಿದರೆ ಅದನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ವುಝೂ ಮಾಡುವಾಗ ಮೂಗಿಗೆ ನೀರು ಹಾಕಿ ಶುಚಿಗೊಳಿಸುವುದರಿಂದ ದಪ್ಪ ಧೂಳು ಹೊರಬರುತ್ತದೆ. ಸಣ್ಣ ಕಣಗಳು ಅದಾಗಲೇ ಒಳಗೆ ಇಳಿದಿರುತ್ತವೆ. ಅದಕ್ಕೆ ನೀರು ಚಿಮುಕಿಸಿ ಧೂಳು ಏಳದಂತೆ ಮಾಡುವುದು, ಒಳ್ಳೆಯ ಮಾಸ್ಕ್ ಧರಿಸುವುದು ಇವೇ ದಾರಿ. ಬೆಲ್ಲದ ಧೈರ್ಯದಲ್ಲಿ ಮಾಸ್ಕ್ ಬಿಡಬೇಡಿ.

ಹಾಗಾದರೆ ಊಟದಿಂದ ಪ್ರಯೋಜನವಿಲ್ಲವೇ?

ಖಂಡಿತ ಇದೆ. ಸಿಲಿಕಾ ಧೂಳು ತಿಂದ ಶ್ವಾಸಕೋಶಕ್ಕೆ ಕ್ಷಯ ಬೇಗ ತಗಲುತ್ತದೆ. ಅರೆಹೊಟ್ಟೆಯ ದೇಹಕ್ಕೂ ಹಾಗೆಯೇ. ಇಲ್ಲಿ ಊಟವೇ ಕಾವಲು. ಜಾರ್ಖಂಡ್‌ನಲ್ಲಿ ನಡೆದ ಒಂದು ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಕ್ಷಯ ರೋಗಿಗಳ ಮನೆಯವರಿಗೆ ತಲಾ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ ಕೊಡಲಾಯಿತು. ಇದು ಸಿಗದವರಿಗೆ ಹೋಲಿಸಿದರೆ ಅವರಲ್ಲಿ ಕ್ಷಯ ಶೇಕಡಾ 39ರಷ್ಟು ಕಡಿಮೆಯಾಯಿತು. ಅಕ್ಕಿ, ಬೇಳೆ! ದುಬಾರಿ ಟಾನಿಕ್ ಅಲ್ಲ.

ನಮ್ಮ ತಾಯಂದಿರ ತಟ್ಟೆಯನ್ನು ಈ ದೃಷ್ಟಿಯಿಂದ ನೋಡಿ. ಅನೇಕ ಮನೆಗಳಲ್ಲಿ ಗಂಡಸರು, ಮಕ್ಕಳು ಉಂಡು ಎದ್ದ ಮೇಲೆ ಪಾತ್ರೆಯ ತಳದ ಸಾರಿನಲ್ಲಿ ಅವರ ಊಟ ಮುಗಿಯುತ್ತದೆ. ದಿನವೂ ಒಲೆಯ ಹೊಗೆ ಕುಡಿಯುವವರೂ ಅವರೇ. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದು ನಮ್ಮ ದೀನ್ ಮೆಚ್ಚುವ ರೂಢಿ. ಅದನ್ನು ಮನೆಯಲ್ಲಿ ಜಾರಿಗೆ ತಂದರೆ ಬೇಳೆ, ಮೊಟ್ಟೆ ಅವರಿಗೂ ಸಿಗುತ್ತದೆ.

ತಟ್ಟೆಯಲ್ಲಿ ಏನಿರಲಿ?

ಜೋಳದ ರೊಟ್ಟಿಯೊಂದಿಗೆ ಕಾಳು ಪಲ್ಯ, ಮೆಂತ್ಯ ಅಥವಾ ಪುಂಡಿ ಸೊಪ್ಪು, ಹಸಿ ಈರುಳ್ಳಿ, ಟೊಮೆಟೊ ಇದ್ದರೆ ಅದು ಒಳ್ಳೆಯ ಊಟ. ತುಂಗಭದ್ರೆಯ ಮೀನು ಸಿಕ್ಕರೆ ಹುರಿಯುವ ಬದಲು ಸಾರು ಮಾಡಿ. ಹಣ್ಣೆಂದರೆ ಸೇಬೇ ಆಗಬೇಕಿಲ್ಲ. ಪೇರಲ, ನೆಲ್ಲಿಕಾಯಿಯಲ್ಲಿ ಸಿ ವಿಟಮಿನ್ ಹೇರಳ. ಪಪ್ಪಾಯಿಯೂ ಒಳ್ಳೆಯದೇ. ಹಣ್ಣು, ತರಕಾರಿ ಚೆನ್ನಾಗಿ ತಿನ್ನುವವರ ಶ್ವಾಸಕೋಶ ಹೆಚ್ಚು ಕಾಲ ಗಟ್ಟಿಯಾಗಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಮಾತ್ರೆ ಅದಕ್ಕೆ ಬದಲಿಯಲ್ಲ. ಕ್ಯಾರೆಟ್‌ನಲ್ಲಿರುವ ಬೀಟಾ ಕೆರೋಟಿನ್ ಅನ್ನು ಮಾತ್ರೆಯಾಗಿ ಫಿನ್‌ಲ್ಯಾಂಡಿನ ಧೂಮಪಾನಿಗಳಿಗೆ ಕೊಟ್ಟಾಗ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿದ್ದು 1994ರಲ್ಲಿ ಬೆಳಕಿಗೆ ಬಂತು. ಬೀಡಿ ಸೇದುತ್ತಾ ಯಾವ ಪಥ್ಯ ಮಾಡಿದರೂ ಫಲವಿಲ್ಲ.

ಹಂಪಿಯ ಸುತ್ತ ಬಾಳೆ ತೋಟಗಳಿದ್ದರೂ ಮಗು ಕೆಮ್ಮಿದರೆ ಮೊದಲು ನಿಲ್ಲಿಸುವುದು ಬಾಳೆಹಣ್ಣು ಮತ್ತು ಹಾಲನ್ನೇ. ಹಾಲಿನಿಂದ ಕಫ ಹೆಚ್ಚಾಗುತ್ತದೆ ಎಂಬುದು ಪರೀಕ್ಷೆಯಲ್ಲಿ ನಿಂತಿಲ್ಲ. ಯಾವುದಾದರೂ ಆಹಾರ ತಿಂದಾಗಲೆಲ್ಲ ಉಬ್ಬಸ ಬರುತ್ತಿದ್ದರೆ ಅದನ್ನು ಬಿಟ್ಟು ವೈದ್ಯರಿಗೆ ತೋರಿಸಿ. ಉಳಿದಂತೆ ಬಡಕಲು ಮಗುವಿನ ಹಾಲು ತಪ್ಪಿಸಬೇಡಿ. ಜೇನಿನಲ್ಲಿ ಶಮನವಿದೆಯೆಂದು ಪವಿತ್ರ ಕುರ್‌ಆನ್ ಹೇಳಿದೆ. ಮಲಗುವ ಮುಂಚೆ ಒಂದು ಚಮಚ ಜೇನು ಮಕ್ಕಳ ಕೆಮ್ಮನ್ನು ತಗ್ಗಿಸುತ್ತದೆ. ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನು ಕೊಡಲೇಬಾರದು.

ರಮಝಾನ್‌ನಲ್ಲಿ ಇನ್ನಷ್ಟು ಎಚ್ಚರ ಬೇಕು. ಖರ್ಜೂರ, ನೀರು, ಹಣ್ಣಿನಿಂದ ಇಫ್ತಾರ್ ಮಾಡಿ, ಮಗ್ರಿಬ್ ಮುಗಿಸಿ ಊಟಕ್ಕೆ ಕುಳಿತರೆ ತರಾವೀಹ್‌ನಲ್ಲಿ ಏದುಸಿರು ಬರದು. ಸಮೋಸ, ಮೆಣಸಿನಕಾಯಿ ಬಜ್ಜಿಯ ರಾಶಿ ಉಸಿರಿನ ಪಾಲನ್ನೇ ಕಸಿಯುತ್ತದೆ.

ಎರಡು ವಾರ ದಾಟಿದ ಕೆಮ್ಮು

ಊಟ ಕಾವಲೇ ಹೊರತು ಔಷಧಿಯಲ್ಲ. ಕೆಮ್ಮು ಎರಡು ವಾರ ದಾಟಿದರೆ, ಸಂಜೆ ಜ್ವರ ಬಂದರೆ, ತೂಕ ಇಳಿದರೆ ಕಷಾಯ, ಕಲೊಂಜಿ ಎಂದು ಕಾಯಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ, ಕ್ಷಯದ ಔಷಧಿ ಉಚಿತ. ರೋಗಿಯ ಪೌಷ್ಟಿಕ ಆಹಾರಕ್ಕೆ 2018ರಿಂದ ಸರ್ಕಾರ ಕೊಡುತ್ತಿದ್ದ ತಿಂಗಳಿಗೆ 500 ರೂಪಾಯಿ 2024ರ ನವೆಂಬರ್‌ನಿಂದ 1000 ಆಗಿದೆ. ಹೆಣ್ಣುಮಗಳ ಮದುವೆಗೆ ಅಡ್ಡಿಯಾದೀತೆಂದು ಕೆಮ್ಮನ್ನು ಮುಚ್ಚಿಡುವ ಮನೆಗಳಿವೆ. ಮುಚ್ಚಿಟ್ಟ ಕ್ಷಯ ಮನೆಮಂದಿಗೆಲ್ಲ ಹರಡುತ್ತದೆ. ಔಷಧಿ ಪೂರ್ತಿ ತೆಗೆದುಕೊಂಡರೆ ಗುಣವಾಗುತ್ತದೆ.

ಚಿಕಿತ್ಸೆ ಪಡೆಯಿರಿ ಎಂದು ಕಲಿಸಿದವರೂ ಪ್ರವಾದಿವರ್ಯರೇ(ಸ). ದೇಹ ಅಲ್ಲಾಹನು ನಮ್ಮಲ್ಲಿ ಇಟ್ಟಿರುವ ಅಮಾನತ್ತು. ಬಿಸ್ಮಿಲ್ಲಾ ಹೇಳಿ ತುತ್ತು ಎತ್ತುವಾಗ ನೆರೆಮನೆಯಲ್ಲಿ ಕೆಮ್ಮುತ್ತಿರುವ ಬಡವನ ಒಲೆ ಉರಿದಿದೆಯೇ ಎಂದೂ ನೋಡೋಣ. ಅವನ ಮನೆಗೆ ತಲುಪಿಸುವ ಅಕ್ಕಿ, ಬೇಳೆ ಒಂದು ಜೀವವನ್ನೇ ಉಳಿಸಬಹುದು.