ಸಿಗಡಿ ಹೊಂಡ: ಒಬ್ಬನಿಂದ ಆಗುವ ಕೃಷಿಯಲ್ಲ

ಹೊಳೆಬದಿಯಲ್ಲಿ ಉಪ್ಪುನೀರಿನ ಜಾಗ ಇರುವ ರೈತರು ಸಿಕ್ಕಿದಾಗ ಕೇಳುವುದುಂಟು - "ಹ್ವಾಯ್, ಚಟ್ಲಿ ಹೊಂಡ ಮಾಡ್ರೆ ಹ್ಯಾಂಗೆ? ಲಾಭ ಇತ್ತಾ?" ಲಾಭದ ಮಾತಿಗೆ ಮೊದಲು ನಾನು ಅವರಿಗೆ ಒಂದು ಪ್ರಶ್ನೆ ಹಾಕುತ್ತೇನೆ. "ನಿಮ್ಮ ಮೇಲಿನ ಹೊಂಡ ಯಾರದ್ದು? ಕೆಳಗಿನದ್ದು ಯಾರದ್ದು? ಅವರ ಹತ್ರ ಮಾತುಕತೆ ಉಂಟಾ?" ಇದೆಂಥ ಪ್ರಶ್ನೆ ಎಂದು ಹೆಚ್ಚಿನವರು ನಗುತ್ತಾರೆ. ಈ ಪ್ರಶ್ನೆ ಕಲಿಯಲಿಕ್ಕೆ ನನಗೆ ಒಂದು ಬೆಳೆ ಹೋಯಿತು. ಹನ್ನೆರಡು ವರ್ಷ ಒಬ್ಬ ನೆರೆಯವನ ಮಾತೂ ಹೋಯಿತು.

ಆವೆಮಣ್ಣಿನ ಗುಂಡಿ

ನಮ್ಮದು ಬಸ್ರೂರು, ವಾರಾಹಿ ಹೊಳೆಯ ಬದಿ. ಒಂದು ಕಾಲಕ್ಕೆ ಅಕ್ಕಿ ಹಡಗು ಹತ್ತುತ್ತಿದ್ದ ಬಂದರು. ನಮ್ಮ ಹೊಳೆ ಮುಂದೆ ಸೌಪರ್ಣಿಕಾ, ಚಕ್ರಾ, ಕುಬ್ಜಾ, ಖೇಟಾ ಹೊಳೆಗಳ ಜತೆ ಪಂಚಗಂಗಾವಳಿಯಾಗಿ ಗಂಗೊಳ್ಳಿಯಲ್ಲಿ ಸಮುದ್ರ ಸೇರುತ್ತದೆ. ಮಳೆಗಾಲದಲ್ಲಿ ಹೊಳೆ ಪೂರಾ ಸಿಹಿ. ದೀಪಾವಳಿ ಕಳೆದ ಮೇಲೆ ಉಬ್ಬರದ ಜತೆಗೆ ಉಪ್ಪು ಮೇಲೇರುತ್ತದೆ.

ಹಂಚಿನ ಕಾರ್ಖಾನೆಗೆ ಆವೆಮಣ್ಣು ತೆಗೆದ ಒಂದೂವರೆ ಎಕ್ರೆ ಗುಂಡಿ ನಮ್ಮ ಪಾಲಿಗೆ ಬಂದಿತ್ತು. ಅದರಲ್ಲಿ ಭತ್ತ ಬೆಳೆಯದು, ತೆಂಗು ನಿಲ್ಲದು. 1990ರ ನಂತರ ಕರಾವಳಿಯಲ್ಲಿ ಹುಲಿ ಸಿಗಡಿಯ ಹುಚ್ಚು ಹಿಡಿದಾಗ ನಾನೂ ದಂಡೆ ಏರಿಸಿ, ತೂಬು ಇಟ್ಟು, 1994ರಲ್ಲಿ ಮೊದಲ ಬೀಜ ಬಿಟ್ಟೆ. ನಾಲ್ಕು ತಿಂಗಳಿಗೆ ಬೆಳೆ ಬಂತು. ಮನೆಗೆ ಹೊಸ ಹಂಚು ಹಾಕಿಸಿದೆ. 1995ರಲ್ಲಿಯೂ ತೊಂದರೆ ಇಲ್ಲ. ಇಷ್ಟು ಸುಲಭದ ಕೃಷಿ ಬೇರೆ ಯಾವುದುಂಟು ಎಂದು ಎಣಿಸಿದ್ದೆ.

ತೂಬು ತೆಗೆದ ರಾತ್ರಿ

1996ರ ಮಾರ್ಚ್. ಬೀಜ ಬಿಟ್ಟು ಅರುವತ್ತು ದಿನ ದಾಟಿತ್ತು. ಒಂದು ಬೆಳಗ್ಗೆ ತಟ್ಟೆಯಲ್ಲಿ ಇಟ್ಟ ಆಹಾರ ಹಾಗೇ ಉಳಿದಿತ್ತು. ಮರುದಿನ ಸಿಗಡಿಗಳು ದಂಡೆಗೆ ಬಂದು ಮಂಕಾಗಿ ನಿಂತವು. ತಲೆಯ ಚಿಪ್ಪು ಬಿಡಿಸಿ ಬೆಳಕಿಗೆ ಹಿಡಿದರೆ ಸುಣ್ಣದ ಹನಿ ಬಿದ್ದ ಹಾಗೆ ಬಿಳಿ ಚುಕ್ಕೆ. ನಾಲ್ಕನೇ ದಿನಕ್ಕೆ ರಾಶಿ ರಾಶಿ ಸತ್ತವು. ಕಾಗೆ, ಗಿಡುಗ ಹೊತ್ತೊಯ್ದು ಊರೆಲ್ಲ ಬೀಳಿಸಿದವು.

ಉಳಿದ ಸಣ್ಣ ಸಿಗಡಿಯನ್ನು ಹಿಡಿದು ಬಂದ ಬೆಲೆಗೆ ಕೊಟ್ಟೆ. ಆಮೇಲೆ ನಾತದ ನೀರು ಎಂಥ ಮಾಡುವುದು? ರಾತ್ರಿ ಇಳಿತ ನೋಡಿ ತೂಬು ತೆಗೆದೆ. ಎಲ್ಲ ಹೊಳೆಗೆ ಹೋಯಿತು.

ನಮ್ಮಿಂದ ಕೆಳಗೆ ಎರಡು ಫರ್ಲಾಂಗು ದೂರದಲ್ಲಿ ಇನ್ನೊಬ್ಬರ ಹೊಂಡ. ಚಿಕ್ಕಂದಿನ ಗೆಳೆಯ. ಅವನು ಮುಂದಿನ ಉಬ್ಬರಕ್ಕೆ ಹೊಳೆಯಿಂದಲೇ ನೀರು ತೆಗೆದುಕೊಂಡ. ವಾರ ಕಳೆಯುವುದರೊಳಗೆ ಅವನದ್ದೂ ಹೋಯಿತು. ಬಂದು ಕೇಳಿದ, "ನೀನ್ ನೀರ್ ಬಿಟ್ಟದ್ ಯಾವತ್ತ್? ಒಂದ್ ಮಾತ್ ಹೇಳಿರೆ ನಾನ್ ತೂಬು ಮುಚ್ತಿದ್ದೆ ಅಲ್ದಾ?" ನಾನು "ಬಿಡ್ಲೇ ಇಲ್ಲ" ಎಂದೆ. ಅವನ ರೋಗ ನನ್ನ ನೀರಿನಿಂದಲೇ ಬಂತು ಎಂದು ಪರೀಕ್ಷೆ ಮಾಡಿದವರಿಲ್ಲ. ಆದರೆ ನಾನು ಹೇಳಿದ್ದು ಸುಳ್ಳು ಎಂಬುದು ನನಗೆ ಗೊತ್ತಿತ್ತು.

ಆ ಕಾಲದಲ್ಲಿ ಇಡೀ ಕರಾವಳಿಯ ಕತೆ ಇದೇ. 1994-95ರಲ್ಲಿ ಪೂರ್ವ ಕರಾವಳಿಯಲ್ಲಿ ಕಾಣಿಸಿದ ಬಿಳಿಚುಕ್ಕೆ ರೋಗ ಪಶ್ಚಿಮಕ್ಕೂ ಬಂತು. ಮಂಗಳೂರು ಮೀನುಗಾರಿಕಾ ಕಾಲೇಜಿನ ಡಾ. ಇಂದ್ರಾಣಿ ಕರುಣಾಸಾಗರ್, ಡಾ. ಇಡ್ಯಾ ಕರುಣಾಸಾಗರ್ ಮತ್ತು ಜತೆಯವರು ಪಶ್ಚಿಮ ಕರಾವಳಿಯ ಈ ರೋಗದ ಅಧ್ಯಯನವನ್ನು 1997ರಲ್ಲಿ ಪ್ರಕಟಿಸಿದರು. ಇದು ವೈರಸ್. ತಿಂದ ಮನುಷ್ಯರಿಗೆ ತೊಂದರೆ ಇಲ್ಲ. ಸಿಗಡಿಗೆ ಮಾತ್ರ ಇಂದಿಗೂ ಔಷಧಿ ಇಲ್ಲ. ಬೀಜದಲ್ಲಿ ಬರುತ್ತದೆ, ನೀರಿನಲ್ಲಿ ಬರುತ್ತದೆ, ಏಡಿಯ ಮೂಲಕವೂ ಬರುತ್ತದೆ. ಅಡಿಕೆಯ ಕೊಳೆರೋಗಕ್ಕೆ ನಮ್ಮ ತೋಟಕ್ಕೆ ನಾವು ಬೋರ್ಡೋ ಹೊಡೆದುಕೊಳ್ಳಬಹುದು. ಇಲ್ಲಿ ಹಾಗಿಲ್ಲ. ಒಬ್ಬ ಎಷ್ಟು ಚೊಕ್ಕ ಮಾಡಿದರೂ ಹತ್ತು ಜನರ ನೀರು ಒಂದೇ.

ಕೋರ್ಟು ಬಂತು, ಕಾನೂನು ಬಂತು

ಅದೇ ವರ್ಷ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ತಮಿಳುನಾಡಿನ ಸರ್ವೋದಯ ಕಾರ್ಯಕರ್ತ ಎಸ್. ಜಗನ್ನಾಥನ್ ಹಾಕಿದ್ದ ದಾವೆ. ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಉದ್ಯಮದ ಹೊಂಡಗಳನ್ನು 1997ರ ಮಾರ್ಚ್ ಕೊನೆಯೊಳಗೆ ತೆಗೆಯಬೇಕು, ಗದ್ದೆಯನ್ನೂ ಕಾಂಡ್ಲಾ ಕಾಡನ್ನೂ ಹೊಂಡ ಮಾಡಬಾರದು ಎಂದು ಆದೇಶ. ಸಾಂಪ್ರದಾಯಿಕ ಮತ್ತು ಸುಧಾರಿತ ಸಾಂಪ್ರದಾಯಿಕ ಕ್ರಮಕ್ಕೆ ವಿನಾಯಿತಿ ಇತ್ತು. ನಮ್ಮಂಥ ಒಂದೆರಡು ಎಕ್ರೆಯವರು ಯಾವ ಲೆಕ್ಕಕ್ಕೆ ಬರುತ್ತೇವೆ ಎಂದು ತಿಳಿಯದೆ ಕಚೇರಿ ಅಲೆದೆವು. ನಾನಂತೂ ಹೊಂಡ ಖಾಲಿ ಬಿಟ್ಟೆ.

ತೀರ್ಪನ್ನು ಬೈದವರು ಹಲವರು. ಆದರೆ ದಂಡೆಯಾಚೆಯ ಗದ್ದೆಯವರನ್ನು ಕೇಳಿದರೆ ಬೇರೆ ಮಾತು. ಹೊಂಡದಿಂದ ಉಪ್ಪು ಬಸಿದು ಗದ್ದೆ ಕೆಟ್ಟವರಿದ್ದರು, ಬಾವಿ ನೀರು ಉಪ್ಪಾದವರಿದ್ದರು. ಅವರಲ್ಲಿ ನಾವು ಒಂದು ದಿನವೂ ಕೇಳಿದ್ದಿಲ್ಲ. ಕೇಳಿದ್ದರೆ ಅವರು ಕೋರ್ಟು ಬೇಕೆನ್ನುತ್ತಿರಲಿಲ್ಲವೇನೋ.

1997ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಜಲಕೃಷಿ ಪ್ರಾಧಿಕಾರ ಮಾಡಿತು. 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯಿದೆ ಬಂತು. ಉಪ್ಪುನೀರಿನ ಹೊಂಡಕ್ಕೆ ನೋಂದಣಿ ಕಡ್ಡಾಯವಾಯಿತು. ಎರಡು ಹೆಕ್ಟೇರಿನೊಳಗಿನ ಅರ್ಜಿಯನ್ನು ಜಿಲ್ಲಾ ಸಮಿತಿಯೇ ನೋಡಿ ಪ್ರಾಧಿಕಾರಕ್ಕೆ ಶಿಫಾರಸು ಮಾಡುವ ಕ್ರಮ ಆಗ ಬಂತು. 2023ರಲ್ಲಿ ತಿದ್ದುಪಡಿಯಾಗಿ ಜೈಲು ಶಿಕ್ಷೆಯ ಬದಲು ದಂಡದ ಕ್ರಮ ಬಂತು. ಒಳ್ಳೆಯದೇ. ಆದರೆ ಚೆನ್ನೈಯಲ್ಲಿ ಕುಳಿತ ಪ್ರಾಧಿಕಾರ ರಾತ್ರಿ ಇಳಿತದ ಹೊತ್ತಿಗೆ ಬಸ್ರೂರಿನಲ್ಲಿ ತೂಬು ತೆಗೆಯುವವನನ್ನು ಹಿಡಿಯುವುದುಂಟೇ? ಅದು ನೆರೆಯವರಿಂದ ಮಾತ್ರ ಆಗುವ ಕೆಲಸ.

ಗೋದಾವರಿ ಬದಿಯಿಂದ ಬಂದ ಬುದ್ಧಿ

ಈ ದಾರಿ ಮೊದಲು ಕಂಡದ್ದು ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ಮೊಗಲ್ತೂರಿನವರಿಗೆ. ಸಮುದ್ರ ಉತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಎಂಪೆಡಾ, ಏಷ್ಯಾದ ಜಲಕೃಷಿ ಕೇಂದ್ರಗಳ ಜಾಲದ ಜತೆ ಸೇರಿ 2002ರಲ್ಲಿ ಅಲ್ಲಿ ಐದು ಜನ ರೈತರ ಹತ್ತು ಹೊಂಡಗಳಲ್ಲಿ ಪ್ರಯೋಗ ಆರಂಭಿಸಿತು. ಹೊಸ ಔಷಧಿ ಏನಿಲ್ಲ. ಒಂದೇ ಕಾಲುವೆಯವರು 'ಆಕ್ವಾ ಕ್ಲಬ್' ಮಾಡಿಕೊಂಡು ಒಟ್ಟಿಗೆ ಬೀಜ ತರುವುದು, ಒಟ್ಟಿಗೆ ಬಿಡುವುದು, ರೋಗ ಬಂದರೆ ಬಾಯಿಬಿಟ್ಟು ಹೇಳುವುದು. ಇಷ್ಟೇ. 2005ರ ಹೊತ್ತಿಗೆ ಕರ್ನಾಟಕವೂ ಸೇರಿ ಐದು ರಾಜ್ಯಗಳ ಏಳುನೂರಕ್ಕೂ ಹೆಚ್ಚು ರೈತರು ಇದರಲ್ಲಿದ್ದರು. 2007ರಲ್ಲಿ ಇದೇ ಕೆಲಸಕ್ಕಾಗಿ ಎಂಪೆಡಾ 'ನಾಕ್ಸಾ' ಎಂಬ ಸಂಸ್ಥೆ ಕಟ್ಟಿತು.

ಸಮುದ್ರದಲ್ಲಿ ಬಲೆ ಎಳೆಯುವವರಿಗೂ ಇದೇ ಪಾಠ. ದಕ್ಷಿಣ ಆಸ್ಟ್ರೇಲಿಯದ ಸ್ಪೆನ್ಸರ್ ಕೊಲ್ಲಿಯಲ್ಲಿ ಸಿಗಡಿ ಹಿಡಿಯಲು 39 ಪರವಾನಗಿ ಮಾತ್ರ. ಕಾನೂನು ಸರಕಾರದ್ದು. ಆದರೆ ಬಲೆ ಹಾಕುವ ಮೊದಲು ಮೀನುಗಾರರ ದೋಣಿಗಳೇ ಸರ್ವೆಗೆ ಹೋಗುತ್ತವೆ. ಎಲ್ಲಿ ಸಣ್ಣ ಸಿಗಡಿ ಹೆಚ್ಚೋ ಆ ಜಾಗ ಬಂದ್. ದೋಣಿಯವರದ್ದೇ ಸಮಿತಿ ಸಮುದ್ರದಲ್ಲಿದ್ದುಕೊಂಡೇ ಇದನ್ನು ನೋಡುತ್ತದೆ. ವರ್ಷಕ್ಕೆ ಬಲೆ ಎಳೆಯುವುದು ಸುಮಾರು ಐವತ್ತು ರಾತ್ರಿ. ಇಷ್ಟು ಕಡಿಮೆ ಹಿಡಿದೂ ಅವರು ಹಾಳಾಗಲಿಲ್ಲ.

ನಮ್ಮಲ್ಲಿಯೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಗಂಗೊಳ್ಳಿಯ ಯಾಂತ್ರಿಕ ದೋಣಿಗಳು ದಡದಲ್ಲಿರುತ್ತವೆ. ಅದು ಸಮುದ್ರದವರ ವಿಷಯ, ನಮಗೇನು ಎನ್ನುವಂತಿಲ್ಲ. ಸಿಗಡಿ ಮೊಟ್ಟೆ ಇಡುವುದು ಸಮುದ್ರದಲ್ಲಿ. ಮರಿ ಉಬ್ಬರದ ಜತೆ ಹೊಳೆಗೆ ಬಂದು, ಕಾಂಡ್ಲಾ ಬುಡದಲ್ಲಿ ಕೆಲವು ತಿಂಗಳು ಬೆಳೆದು ಮತ್ತೆ ಸಮುದ್ರಕ್ಕೆ ಹೋಗುತ್ತದೆ. ನಾನು ರೋಗದ ನೀರು ಬಿಟ್ಟರೆ, ಕಾಂಡ್ಲಾ ಕಡಿದರೆ, ಗಂಗೊಳ್ಳಿಯ ಬಲೆಗೂ ನಷ್ಟ ತಾಗುತ್ತದೆ.

ನಮ್ಮ ಕಟ್ಟುಪಾಡು

2008ರಲ್ಲಿ ನಮ್ಮ ಹೊಳೆಬದಿಯ ಹೊಂಡದವರು ಒಬ್ಬರ ಜಗಲಿಯಲ್ಲಿ ಸೇರಿದೆವು. ಇಲಾಖೆಯವರು ಬಂದು ಕ್ರಮ ವಿವರಿಸಿದರು. ಆವತ್ತು ಒಪ್ಪಿಕೊಂಡದ್ದು, ಆಮೇಲೆ ತಪ್ಪಿ ನಡೆದು ತಿದ್ದಿಕೊಂಡದ್ದು ಇಷ್ಟು:

1. ಬೀಜ ಒಟ್ಟಿಗೆ. ನೋಂದಣಿ ಇರುವ ಹ್ಯಾಚರಿಯದ್ದು ಮಾತ್ರ. ಪಿ.ಸಿ.ಆರ್. ಪರೀಕ್ಷೆಯ ವರದಿ ನೋಡಿದ ಮೇಲೆಯೇ ಹಣ. ಪರೀಕ್ಷೆಯ ಖರ್ಚು ಎಲ್ಲರ ಮೇಲೆ ಹಂಚಿದರೆ ಭಾರವಾಗದು.

2. ಒಂದೇ ವಾರದಲ್ಲಿ ಎಲ್ಲರೂ ಬೀಜ ಬಿಡುವುದು, ಮಳೆ ಹಿಡಿಯುವ ಮೊದಲು ಎಲ್ಲರೂ ಖಾಲಿ ಮಾಡುವುದು. ವರ್ಷಕ್ಕೆ ಒಂದೇ ಬೆಳೆ. ಹೊಸ ಬೀಜದ ಮೊದಲು ತಳದ ಮಣ್ಣು ಬಿರಿಯುವಷ್ಟು ಒಣಗಬೇಕು.

3. ಹೊಳೆನೀರು ನೇರ ಹೊಂಡಕ್ಕಿಲ್ಲ. ಸಣ್ಣ ಕಣ್ಣಿನ ಬಲೆಯಲ್ಲಿ ಸೋಸಿ, ಬೇರೆ ಗುಂಡಿಯಲ್ಲಿ ಬ್ಲೀಚಿಂಗ್ ಪೌಡರ್ ಹಾಕಿ, ವಾರ ನಿಲ್ಲಿಸಿ ಮತ್ತೆ. ದಂಡೆಗೆ ಏಡಿ ಬಾರದ ಹಾಗೆ ಬಲೆ ಬೇಲಿ.

4. ತಟ್ಟೆಯ ಆಹಾರ ಉಳಿದರೆ, ದಂಡೆಗೆ ಸಿಗಡಿ ಬಂದರೆ, ಅವತ್ತೇ ಎಲ್ಲರಿಗೂ ಸುದ್ದಿ. ರಾತ್ರಿಯಾದರೂ ಸರಿ.

5. ರೋಗ ಬಂದ ಹೊಂಡದ ತೂಬು ಬಂದ್. ಬ್ಲೀಚಿಂಗ್ ಹಾಕಿ ನೀರು ಅಲ್ಲೇ ನಿಲ್ಲಬೇಕು. ಸತ್ತದ್ದನ್ನು ಸುಣ್ಣ ಹಾಕಿ ಹೂಳಬೇಕು.

6. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್‌ನಂಥ ನಿಷೇಧಿತ ಔಷಧಿ ಯಾರೂ ಹಾಕುವಂತಿಲ್ಲ. ವೈರಸ್‌ಗೆ ಅವು ನಾಟುವುದೂ ಇಲ್ಲ. ಒಬ್ಬ ಹಾಕಿದರೆ ಎಲ್ಲರ ಮಾಲಿಗೆ ಕೆಟ್ಟ ಹೆಸರು.

7. ಗದ್ದೆಗೂ ಹೊಂಡಕ್ಕೂ ನಡುವೆ ಬಸಿಗಾಲುವೆ. ಸಮಿತಿಯಲ್ಲಿ ಹೊಂಡ ಇಲ್ಲದ ಗದ್ದೆಯವರೊಬ್ಬರು ಇರಲೇಬೇಕು.

ಮೊದಲ ವರ್ಷ ನಾಲ್ಕನೆಯದ್ದು ನಡೆಯಲೇ ಇಲ್ಲ. ಯಾಕೆಂದರೆ ರೋಗ ಬಂದವನಿಗೆ ಬೆಳೆಯೂ ಹೋಯಿತು, ಮೇಲಿಂದ ಬ್ಲೀಚಿಂಗ್ ಖರ್ಚೂ ಅವನದ್ದೇ. ಸುದ್ದಿ ಹೇಳಿದವನಿಗೆ ದಂಡ, ಮುಚ್ಚಿಟ್ಟವನಿಗೆ ಉಳಿತಾಯ ಎಂದಾದರೆ ಯಾರು ಹೇಳುತ್ತಾರೆ? ನಾನೇ ಹೇಳಿರಲಿಲ್ಲ. ಹಾಗಾಗಿ ಬೀಜ ಬಿಡುವಾಗಲೇ ಎಕ್ರೆ ಲೆಕ್ಕದಲ್ಲಿ ಹಣ ಒಟ್ಟು ಮಾಡಿ ಇಟ್ಟೆವು. ರೋಗದ ಹೊಂಡಕ್ಕೆ ಬ್ಲೀಚಿಂಗ್, ಸುಣ್ಣ ಆ ಹಣದಿಂದ. ಹೂಳಲಿಕ್ಕೆ ಎಲ್ಲರೂ ಹಾರೆ ಹಿಡಿದು ಹೋಗುವುದು. ಅಲ್ಲಿಂದ ಸುದ್ದಿ ಬರಲಿಕ್ಕೆ ಸುರುವಾಯಿತು. ಇಷ್ಟೆಲ್ಲ ಮಾಡಿದರೂ ರೋಗ ಬಾರದೇ ಇಲ್ಲ. ಆದರೆ ಒಂದು ಹೊಂಡಕ್ಕೆ ಬಂದದ್ದು ಅಲ್ಲೇ ನಿಂತದ್ದನ್ನು ನಾನು ಕಂಡಿದ್ದೇನೆ.

ಸರಕಾರದಿಂದಲೇ ಆಗಬೇಕಾದ್ದೂ ಉಂಟು. 2009ರಲ್ಲಿ ವನಾಮಿ ಸಿಗಡಿಗೆ ಅನುಮತಿ ಸಿಕ್ಕಿದಾಗ ಹೊರದೇಶದ ತಾಯಿ ಸಿಗಡಿಯನ್ನು ಚೆನ್ನೈಯ ಸರಕಾರಿ ತಪಾಸಣಾ ಕೇಂದ್ರದಲ್ಲಿ ಇಟ್ಟು ನೋಡಿಯೇ ಹ್ಯಾಚರಿಗೆ ಕೊಡುವ ಕ್ರಮ ಬಂತು. ಇಂಥದ್ದು ನಮ್ಮ ಜಗಲಿಯಲ್ಲಿ ಕೂತು ಆಗುವುದಿಲ್ಲ. ಹ್ಯಾಚರಿಯ ಪರವಾನಗಿ, ಪ್ರಯೋಗಾಲಯ, ಔಷಧಿಯ ನಿಷೇಧ ಸರಕಾರ ನೋಡಬೇಕು. ತೂಬು, ಸುದ್ದಿ, ದಿನ ನಾವು ನೋಡಬೇಕು. ಒಬ್ಬರ ಕೆಲಸ ಇನ್ನೊಬ್ಬರು ಮಾಡುತ್ತಾರೆಂದು ಕೂತಲ್ಲಿ ಬೆಳೆ ಹೋಗುತ್ತದೆ.

ಆವತ್ತಿನ ಜಗಲಿಯ ಮಾತು

2008ರ ಆ ಮೀಟಿಂಗಿಗೆ ನನ್ನ ಗೆಳೆಯನೂ ಬಂದಿದ್ದ. ಹೊಂಡ ಮುಚ್ಚಿ ತೆಂಗು ಹಾಕಿದ್ದ, ಗದ್ದೆ ಇತ್ತು. ತೂಬಿನ ವಿಷಯ ಬಂದಾಗ ನನಗೆ ಕೂತಿರಲಿಕ್ಕೆ ಆಗಲಿಲ್ಲ. "ತೊಂಬತ್ತಾರರಲ್ಲಿ ನೀರು ಬಿಟ್ಟದ್ದು ನಾನೇ" ಎಂದು ಎಲ್ಲರೆದುರು ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅವನು, "ನಂಗ್ ಆವತ್ತೇ ಗೊತ್ತಿತ್ತ್ ಮಾರಾಯ. ನಿಂಗ್ ಹೇಳೂಕೆ ಇಷ್ಟ್ ವರ್ಷ ಬೇಕಾಯ್ತ್" ಎಂದ.

ಸಮಿತಿಯಲ್ಲಿ ಗದ್ದೆಯವರ ಪರವಾಗಿ ಈಗಲೂ ಅವನೇ ಇದ್ದಾನೆ. ಯಾರು ಯಾವತ್ತು ತೂಬು ತೆಗೆದರು ಎಂಬ ಪುಸ್ತಕ ಅವನ ಕೈಯಲ್ಲಿ. ನನ್ನ ಹೊಂಡದ ತೂಬಿನ ಬೀಗದ ಇನ್ನೊಂದು ಕೀಯೂ ಅವನಲ್ಲೇ. ಹೊಸತಾಗಿ ಸಿಗಡಿಗೆ ಇಳಿಯುವವರು ಗುಂಡಿ ತೋಡುವ ಮೊದಲು, ಪ್ರಾಧಿಕಾರದ ಅರ್ಜಿಗೂ ಮೊದಲು, ಮೇಲೆ ಕೆಳಗಿನ ನಾಲ್ಕು ಮನೆಗೆ ಹೋಗಿ ಒಂದು ಲೋಟ ಚಾ ಕುಡಿದು ಬನ್ನಿ. ಮಾತು ಕೂಡದಿದ್ದರೆ ಗುಂಡಿ ತೋಡಬೇಡಿ.