ಕಾಣದ ಗಾಡಿಯ ಕ್ರಯ: ಹುತ್ರಿದುರ್ಗದ ತಪ್ಪಲಿನಿಂದ ಒಂದು ವಿಚಾರ

ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಬುಡದಲ್ಲಿರುವ ಹಳ್ಳಿಗೆ ಸಂತೇಪೇಟೆ ಎಂದು ಹೆಸರು. ಮಾಗಡಿಯ ಕೆಂಪೇಗೌಡರ ಮನೆತನದ ನವದುರ್ಗಗಳಲ್ಲಿ ಒಂದೆಂದು ಎಣಿಸಲ್ಪಡುವ ಈ ಬೆಟ್ಟದ ಕೋಟೆಯು 1791ರ ಡಿಸೆಂಬರ್ ತಿಂಗಳಲ್ಲಿ, ಸಾವನದುರ್ಗ ಬಿದ್ದ ಕೆಲವೇ ದಿನಗಳಲ್ಲಿ, ಕಾರ್ನ್‌ವಾಲಿಸನ ಸೈನ್ಯಕ್ಕೆ ವಶವಾಯಿತು. ಕೋಟೆಯ ಚರಿತ್ರೆಯನ್ನು ಬರೆದವರು ಈ ಸಂಗತಿಯನ್ನು ತಪ್ಪದೆ ಹೇಳುತ್ತಾರೆ. ಬುಡದ ಸಂತೆಯ ಮಾತನ್ನು ಎತ್ತಿದವರು ವಿರಳ. ಆದರೆ ಊರಿನ ಹೆಸರೇ ಸೂಚಿಸುವಂತೆ, ದುರ್ಗದ ಮೇಲಿನವರಿಗೂ ಸುತ್ತಣ ಹಳ್ಳಿಯವರಿಗೂ ಬೇಕಾದ ಸರಕು ಇಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದಿರಬೇಕು. ಸಂತೆಯೆಂದರೆ ಕೊಳ್ಳುವವನು ಸರಕನ್ನು ಕಣ್ಣಾರೆ ನೋಡಿ, ಮುಟ್ಟಿ, ಮೂಸಿ ಕೊಳ್ಳುವ ಸ್ಥಳ. ಈ ಲೇಖನದಲ್ಲಿ ನಾವು ವಿಚಾರಿಸಹೊರಟಿರುವುದು ಇದಕ್ಕೆ ವಿರುದ್ಧವಾದ ಪದ್ಧತಿಯನ್ನು, ಎಂದರೆ ಸರಕನ್ನು ಕಾಣದೆಯೇ ಹಣ ಕೊಟ್ಟು ಕೊಳ್ಳುವುದನ್ನು.

ಚರಿತ್ರೆಯ ವಿಭಾಗದ ಪತ್ರಿಕೆಯಲ್ಲಿ ಇಂಥ ವಿಷಯವೇಕೆಂದು ಓದುಗರು ಕೇಳಬಹುದು. ಹುತ್ರಿದುರ್ಗದ ಬಾಗಿಲುಗಳನ್ನೂ ಕೊತ್ತಲಗಳನ್ನೂ ಅಳೆದು ನಕ್ಷೆ ಬರೆಯುವ ಕೆಲಸದಲ್ಲಿ ನಾವು ಮೂವರು ಅಧ್ಯಾಪಕರು ಕೆಲವು ವರ್ಷಗಳಿಂದ ತೊಡಗಿದ್ದೇವೆ. ಬೆಟ್ಟದ ಬುಡದಲ್ಲಿ ನಾವು ತಂಗುವುದಕ್ಕೆ ತಕ್ಕ ಸ್ಥಳವಿಲ್ಲ. ದಿನವೂ ತುಮಕೂರಿನಿಂದ ಹೋಗಿಬಂದರೆ ಬೆಳಗಿನ ಒಳ್ಳೆಯ ಬೆಳಕೆಲ್ಲ ದಾರಿಯಲ್ಲೇ ಕಳೆದುಹೋಗುತ್ತದೆ. ಆದಕಾರಣ ಜನರು ಕ್ಯಾರವಾನ್ ಎಂದು ಕರೆಯುವ, ಮಲಗಲು ಹಾಸಿಗೆಯೂ ಅಡಿಗೆಗೆ ಒಲೆಯೂ ಇರುವ ಮೋಟಾರು ಗಾಡಿಯೊಂದನ್ನು ಕೊಳ್ಳುವ ಯೋಚನೆ ಹುಟ್ಟಿತು. ಅನುದಾನದ ಹಣದಲ್ಲಿ ಹಳೆಯ ಗಾಡಿ ಕೊಳ್ಳಲು ಲೆಕ್ಕಪರಿಶೋಧಕರು ಒಪ್ಪುವವರಲ್ಲ; ಮೂವರೂ ಸ್ವಂತ ಉಳಿತಾಯವನ್ನೇ ಕೂಡಿಸಿದೆವು. ಇಂಥ ಗಾಡಿಗಳು ಹತ್ತಿರದ ಊರುಗಳಲ್ಲಿ ಮಾರಾಟಕ್ಕೆ ಸಿಕ್ಕುವುದು ಅಪರೂಪವಾದುದರಿಂದ ಅಂತರಜಾಲದ ಜಾಹೀರಾತುಗಳನ್ನೇ ನಂಬಬೇಕಾಯಿತು. ಮುಂದೆ ನಡೆದುದನ್ನು ಹೇಳುವ ಮೊದಲು ಈ ಬಗೆಯ ಕ್ರಯದ ಪೂರ್ವಚರಿತ್ರೆಯನ್ನು ಸ್ವಲ್ಪ ನೋಡುವುದು ಉಚಿತ.

ತುಮಕೂರಿನ ಸಿದ್ಧಗಂಗೆಯಲ್ಲಿ ಶಿವರಾತ್ರಿಯ ಸಮಯಕ್ಕೆ ಕೂಡುವ ದನಗಳ ಜಾತ್ರೆಯನ್ನು ಕಂಡವರಿಗೆ ಅಲ್ಲಿನ ವ್ಯಾಪಾರದ ರೀತಿ ತಿಳಿದಿದೆ. ಹಳ್ಳಿಕಾರ್ ಜೋಡಿಯನ್ನು ಕೊಳ್ಳಬಂದ ರೈತನು ಮೊದಲು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಹಾಲುಹಲ್ಲೇ, ಎರಡು ಹಲ್ಲೇ, ನಾಲ್ಕೇ, ಬಾಯಿ ಕೂಡಿದೆಯೇ ಎಂಬುದರಿಂದ ವಯಸ್ಸನ್ನು ನಿರ್ಣಯಿಸುತ್ತಾನೆ. ಬಳಿಕ ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ, ಗೊರಸನ್ನು ಎತ್ತಿ ನೋಡುತ್ತಾನೆ. ಇದೆಲ್ಲ ಹತ್ತು ಮಂದಿಯ ಎದುರಿನಲ್ಲಿ ನಡೆಯುತ್ತದೆ. ಬೆಲೆಯ ಮಾತು ಬಂದಾಗ ಮಾತ್ರ ದಲ್ಲಾಳಿಯ ಕೈ ಟವಲಿನ ಮರೆಗೆ ಹೋಗುತ್ತದೆ. ಬೆರಳುಗಳ ಹಿಡಿತದಲ್ಲೇ ಸಾವಿರ ನೂರುಗಳು ಕೂಡಿ ಕಳೆಯುತ್ತವೆ. ಅಲ್ಲಿ ಸರಕು ಬಯಲಲ್ಲಿದೆ, ಬೆಲೆ ಮರೆಯಲ್ಲಿದೆ. ಅಂತರಜಾಲದ ಜಾಹೀರಾತಿನಲ್ಲಿ ಬೆಲೆಯನ್ನು ದಪ್ಪಕ್ಷರದಲ್ಲಿ ಲೋಕಕ್ಕೆಲ್ಲ ಕಾಣುವಂತೆ ಬರೆದಿರುತ್ತಾರೆ, ಮರೆಯಲ್ಲಿರುವುದು ಸರಕು.

ಆದರೂ ಕಾಣದ ಸರಕನ್ನು ಕೊಳ್ಳುವುದು ಹೊಸದೆಂದು ಭಾವಿಸುವುದು ತಪ್ಪು. ವಿಜಯನಗರದ ಅರಸರು ಹೊರದೇಶದ ಕುದುರೆಗಳನ್ನು ಕೊಳ್ಳುತ್ತಿದ್ದ ಬಗೆಯನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜನು ವರ್ಣಿಸಿದ್ದಾನೆ. ಸಾಳುವ ನರಸಿಂಹನೆಂದು ವಿದ್ವಾಂಸರು ಗುರುತಿಸಿರುವ ಅರಸನು ಓರ್ಮುಜ್ ಮತ್ತು ಏಡನ್ನಿನಿಂದ ಬರುವ ಕುದುರೆಗಳಿಗೆ ಮೂರಕ್ಕೆ ಸಾವಿರ ಪರ್ದಾವುಗಳಂತೆ ಬೆಲೆ ಕೊಡುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ ಕುದುರೆಗೆ ಕೊಡುವಷ್ಟೇ ಹಣ ದೊರೆಯುತ್ತಿತ್ತಂತೆ. ಇದನ್ನು ಅರಸನ ಔದಾರ್ಯವೆಂದೋ ಮೌಢ್ಯವೆಂದೋ ಓದುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಕಡಲಿನ ಪ್ರಯಾಣದ ನಷ್ಟವನ್ನು ವ್ಯಾಪಾರಿಯೇ ಹೊರಬೇಕೆಂದಿದ್ದರೆ ಅವನು ಕುದುರೆಗಳನ್ನು ಬೇರೆ ದೊರೆಗಳ ಬಂದರಿಗೆ ಒಯ್ಯುತ್ತಿದ್ದನು. ನಷ್ಟದ ಭಾರವನ್ನು ತಾನೇ ಹೊತ್ತು ಅರಸನು ವ್ಯಾಪಾರವನ್ನು ತನ್ನ ಕಡೆಗೆ ಎಳೆದುಕೊಂಡನು. ಕಾಣದ ಕ್ರಯದಲ್ಲಿ ನಡುದಾರಿಯ ನಷ್ಟ ಯಾರದು ಎಂಬ ಪ್ರಶ್ನೆಯೇ ಮುಖ್ಯವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾವು ಕಂಡಿಲ್ಲ.

ಬರೆದ ದಾಖಲೆಯು ಕಣ್ಣಿನ ಕೆಲಸವನ್ನು ಮಾಡುವ ರೀತಿ ಇನ್ನೊಂದು. ಟಿಪ್ಪುವಿನ ಕಾಲದಷ್ಟು ಹಿಂದಿನದೆಂದು ಹೆಸರಾದ ಕುಣಿಗಲ್ಲಿನ ಕುದುರೆ ಫಾರಂ ಹುತ್ರಿದುರ್ಗಕ್ಕೆ ಹತ್ತಿರವೇ ಇದೆ. ಪಂದ್ಯದ ಕುದುರೆಯ ವ್ಯಾಪಾರದಲ್ಲಿ ಮರಿಯ ಮೈಕಟ್ಟಿನಷ್ಟೇ ಅದರ ವಂಶಾವಳಿಗೂ ಬೆಲೆ. ಇಂಗ್ಲೆಂಡಿನಲ್ಲಿ 1793ರಲ್ಲಿ ವಂಶಾವಳಿಯ ಪುಸ್ತಕದ ಮೊದಲ ಸಂಪುಟ ಹೊರಬಂದ ಬಳಿಕ ತಂದೆತಾಯಿಗಳ ಹೆಸರನ್ನು ಬರಿಯ ಬಾಯಿಮಾತಿನಿಂದ ಸ್ಥಾಪಿಸುವುದು ಕಷ್ಟವಾಯಿತು. ನಮ್ಮ ಹಿರಿಯರ ಅನುಭವಕ್ಕೆ ಹತ್ತಿರವಾದುದು ಅಂಚೆಯ ವಿ.ಪಿ.ಪಿ. ಪದ್ಧತಿ, ಭಾರತದಲ್ಲಿ ಇದು 1877ರಲ್ಲಿ ಆರಂಭವಾಯಿತು. ಹಣ ಕೊಟ್ಟ ಮೇಲೆಯೇ ಪೊಟ್ಟಣ ಬಿಚ್ಚಬೇಕಾದರೂ ಪೊಟ್ಟಣವು ಮನೆಬಾಗಿಲಿಗೆ ಬರುವವರೆಗೆ ಹಣ ಕೊಡಬೇಕಾಗಿರಲಿಲ್ಲ. ಪುಸ್ತಕಕ್ಕೆ ಇಷ್ಟು ರಕ್ಷಣೆ ಸಾಕು, ಗಾಡಿಗೆ ಸಾಲದು.

ಈಗ ಕಾನೂನಿನ ವಿಚಾರ. 1930ರ ಸರಕುಗಳ ಮಾರಾಟ ಅಧಿನಿಯಮದಲ್ಲಿ ಒಂದು ವೈಚಿತ್ರ್ಯವುಂಟು. ಅದರ 15ನೆಯ ಪ್ರಕರಣದಂತೆ ವರ್ಣನೆಯನ್ನು ನಂಬಿ ಕೊಂಡ ಸರಕು ಆ ವರ್ಣನೆಗೆ ಹೊಂದಲೇಬೇಕು. ಮಾರುವವನು ವ್ಯಾಪಾರಿಯಾಗಿರಲಿ, ಖಾಸಗಿ ವ್ಯಕ್ತಿಯಾಗಿರಲಿ ಈ ಷರತ್ತು ತಪ್ಪದು. 16ನೆಯ ಪ್ರಕರಣದಂತೆ ಅಂಥ ಸರಕನ್ನೇ ಮಾರುವ ವ್ಯಾಪಾರಿಯಿಂದ ವರ್ಣನೆಯ ಮೇಲೆ ಕೊಂಡರೆ ಅದು ಮಾರಾಟಯೋಗ್ಯ ಗುಣದ್ದಾಗಿರಬೇಕು. ಆದರೆ ಕೊಳ್ಳುವವನು ಸರಕನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ತಿಳಿಯಬೇಕಾಗಿದ್ದ ದೋಷಗಳ ಬಗ್ಗೆ ಅವನು ಆಮೇಲೆ ದೂರುವಂತಿಲ್ಲ. ಎಂದರೆ ಅರ್ಧಮನಸ್ಸಿನಿಂದ ಸುತ್ತ ಒಂದು ಸಾರಿ ನಡೆದು ನೋಡಿ ಕೊಂಡವನಿಗಿಂತ ನೋಡದೆ ಕೊಂಡವನಿಗೆ ಈ ಮಟ್ಟಿಗೆ ಹೆಚ್ಚಿನ ರಕ್ಷಣೆ. ಮೊದಲು ಪರೀಕ್ಷಿಸದ ಸರಕು ಕೈಸೇರಿದಾಗ, ಪರೀಕ್ಷಿಸಲು ಯುಕ್ತ ಅವಕಾಶ ದೊರೆಯುವವರೆಗೆ ಅದನ್ನು ಒಪ್ಪಿಕೊಂಡಂತಾಗದು ಎಂದು 41ನೆಯ ಪ್ರಕರಣ ಹೇಳುತ್ತದೆ. ಸಾಳುವ ನರಸಿಂಹನ ಪ್ರಶ್ನೆಗೆ 26ನೆಯ ಪ್ರಕರಣದಲ್ಲಿ ಉತ್ತರವಿದೆ: ಬೇರೆ ಒಪ್ಪಂದವಿಲ್ಲದಿದ್ದರೆ ಒಡೆತನದ ಜೊತೆಗೇ ನಷ್ಟದ ಭಾರವೂ ಕೊಳ್ಳುವವನಿಗೆ ಬರುತ್ತದೆ. ಆದಕಾರಣ ಗಾಡಿ ಇನ್ನೂ ದಾರಿಯಲ್ಲಿರುವಾಗ ಅದು ಯಾರದೆಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳದೆ ಬಿಡಬಾರದು.

2019ರ ಗ್ರಾಹಕರ ಸಂರಕ್ಷಣಾ ಅಧಿನಿಯಮವು ಇನ್ನೊಂದು ಅನುಕೂಲವನ್ನು ಸೇರಿಸಿದೆ. ಕೊಂಡವನು ತಾನು ವಾಸಿಸುವ ಸ್ಥಳದ ಆಯೋಗದಲ್ಲೇ ದೂರು ಕೊಡಬಹುದು. ಆದರೆ ತನ್ನ ಸ್ವಂತ ಹಳೆಯ ಗಾಡಿಯನ್ನು ಮಾರುವ ಖಾಸಗಿ ವ್ಯಕ್ತಿಯು ಸಾಮಾನ್ಯವಾಗಿ ಇದರ ಕಕ್ಷೆಗೆ ಬಾರನು. ಅಂತರಜಾಲದಲ್ಲಿ ಇಬ್ಬರ ಜಾಹೀರಾತೂ ಒಂದೇ ಪುಟದಲ್ಲಿ ಒಂದೇ ರೂಪದಲ್ಲಿ ಕಾಣುವುದರಿಂದ ಈ ಭೇದವನ್ನು ಕೊಳ್ಳುವವನು ತಾನಾಗಿಯೇ ಕೇಳಿ ತಿಳಿಯಬೇಕು.

ನಾವು ಕೇಳಿ ತಿಳಿಯಲಿಲ್ಲ. ಮೊದಲು ಕಂಡ ಜಾಹೀರಾತು ನೆರೆಯ ರಾಜ್ಯದ ಒಬ್ಬ ಖಾಸಗಿ ವ್ಯಕ್ತಿಯದು. ಇಪ್ಪತ್ತಾರು ಛಾಯಾಚಿತ್ರಗಳಿದ್ದವು, ಹಾಸಿಗೆ, ಒಲೆ, ಕಿಟಕಿಯ ಪರದೆ ಎಲ್ಲವೂ ಅಂದವಾಗಿದ್ದವು. ಇನ್ನೊಬ್ಬರು ಸಂಜೆಯೊಳಗೆ ಹಣ ಕಳುಹಿಸುವವರಿದ್ದಾರೆಂದು ಅವರು ಹೇಳಿದುದರಿಂದ 20,000 ರೂಪಾಯಿ ಮುಂಗಡವನ್ನು ಕಳುಹಿಸಿಬಿಟ್ಟೆವು. ಶಾಸನವೊಂದರ ಕಾಲವನ್ನು ನಿರ್ಣಯಿಸಲು ನಾಲ್ಕು ಸಾಕ್ಷ್ಯಗಳನ್ನು ಕೇಳುವ ನಾವು ಒಂದು ಸಂಜೆಯಲ್ಲಿ ಹೀಗೆ ಮಾಡಿದೆವೆಂಬುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಮರುದಿನ ನೋಂದಣಿ ಪತ್ರದ ಪ್ರತಿ ಬಂದಾಗ ಅದರಲ್ಲಿ ಗಾಡಿಯ ವರ್ಗ ಸರಕು ಸಾಗಣೆಯದೆಂದೂ ಆಸನಗಳು ಎರಡೆಂದೂ ಇತ್ತು. ಹಾಸಿಗೆ ಒಲೆಗಳ ಸುದ್ದಿಯೇ ಇರಲಿಲ್ಲ.

ಇದು ಬರಿಯ ಕಾಗದದ ದೋಷವಲ್ಲ. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನಿಗೂ ಮೋಟಾರ್ ಕ್ಯಾರವಾನಿಗೂ ಕೇಂದ್ರ ಸರ್ಕಾರದ 2004ರ ಅಧಿಸೂಚನೆಯಲ್ಲಿ ಪ್ರತ್ಯೇಕ ವರ್ಗಗಳಿವೆ. ಅವುಗಳ ಮಂಜೂರಾತಿಗೆ ಎ.ಐ.ಎಸ್. 124 ಎಂಬ ಮಾನಕವಿದೆ. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣವು ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ನಿಷೇಧಿಸುತ್ತದೆ. 2019ರ ಜನವರಿ 9ರಂದು ಸರ್ವೋಚ್ಚ ನ್ಯಾಯಾಲಯವು ಇದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಸರಕಿನ ಗಾಡಿಯೊಳಗೆ ಮಲಗಿದ್ದಾಗ ಅಪಘಾತವಾದರೆ ವಿಮೆಯವರು ಏನು ಹೇಳುವರೆಂಬುದನ್ನು ಊಹಿಸುವುದು ಕಷ್ಟವಲ್ಲ. ನಾವು ಹಿಂದೆ ಸರಿದೆವು. ನಾಲ್ಕು ತಿಂಗಳ ಪತ್ರವ್ಯವಹಾರದ ಮೇಲೆ 8,000 ರೂಪಾಯಿ ಮರಳಿ ಬಂತು. 15ನೆಯ ಪ್ರಕರಣ ನಮ್ಮ ಪಕ್ಷದಲ್ಲಿತ್ತು. ಆದರೆ ಉಳಿದ ಹನ್ನೆರಡು ಸಾವಿರಕ್ಕಾಗಿ ಖಾಸಗಿ ವ್ಯಕ್ತಿಯ ಮೇಲೆ ದಾವೆ ಹೂಡುವುದು ಲೆಕ್ಕಕ್ಕೆ ಬರುವ ಮಾತಲ್ಲ.

ಎರಡನೆಯ ಗಾಡಿಯನ್ನೂ ಕಾಣದೆಯೇ ಕೊಂಡೆವು. ಇದನ್ನು ಕೇಳಿದ ಮಿತ್ರರು ನಕ್ಕರು. ಆದರೆ ಈ ಸಲ ಕೊಂಡುದು ಹಳೆಯ ಗಾಡಿಗಳನ್ನೇ ಮಾರುವ ವ್ಯಾಪಾರಿಯಿಂದ, ಮತ್ತು ದಾಖಲೆಗಳನ್ನು ಮೊದಲು ನೋಡಿದೆವು. ನೋಂದಣಿಯ ವರ್ಗ ಸರಿಯಾಗಿತ್ತು. ಬ್ಯಾಂಕಿನ ಸಾಲದ ನಮೂದು ಇರಲಿಲ್ಲ. ಒಡೆಯನಲ್ಲದವನು ಮಾರಿದರೆ ಕೊಂಡವನಿಗೂ ಒಡೆತನ ಬಾರದು (27ನೆಯ ಪ್ರಕರಣ) ಎಂಬುದರಿಂದ ಚಾಸಿ ಸಂಖ್ಯೆಯನ್ನು ವೀಡಿಯೋ ಕರೆಯಲ್ಲಿ ಲೋಹದ ಮೇಲೆಯೇ ಓದಿಸಿ ಪತ್ರದೊಡನೆ ಹೋಲಿಸಿದೆವು. ಛಾಯಾಚಿತ್ರವು ತೇವದ ವಾಸನೆಯನ್ನು ತೋರಿಸಲಾರದು, ಬಿಸಿಯಾಗಿದ್ದ ಎಂಜಿನ್ನು ತಣ್ಣಗಿತ್ತೆಂದು ನಟಿಸಬಲ್ಲದು. ಆದುದರಿಂದ ಕರೆಯ ನಡುವೆಯೇ ಎಂಜಿನ್ನಿನ ಮೇಲೆ ಕೈಯಿಡಿಸಿ, ತಣ್ಣಗಿದೆಯೆಂದು ತೋರಿಸಿದ ಮೇಲೆ ಚಾಲೂ ಮಾಡಿಸಿದೆವು. ಟೈರಿನ ಪಕ್ಕದ ನಾಲ್ಕು ಅಂಕಿಗಳನ್ನು ಓದಿಸಿದೆವು; 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಎತ್ತಿನ ಹಲ್ಲಿಗೆ ಸಮಾನವಾದ ಸಾಕ್ಷ್ಯ ಗಾಡಿಯಲ್ಲಿ ಇದೊಂದೇ ಎನ್ನಬಹುದು. ನೂರು ಲೀಟರು ನೀರೆಂದರೆ ನೂರು ಕಿಲೋಗ್ರಾಂ ಭಾರ. ಆದಕಾರಣ ನೀರಿನ ತೊಟ್ಟಿ ತುಂಬಿಸಿ ವೇ ಬ್ರಿಡ್ಜಿನಲ್ಲಿ ತೂಗಿಸಿದ ಚೀಟಿಯನ್ನು ಕೇಳಿ, ನೋಂದಣಿ ಪತ್ರದ ಒಟ್ಟು ತೂಕದ ಮಿತಿಯೊಡನೆ ಹೋಲಿಸಿದೆವು.

ಬೆಲೆಯ ಹತ್ತನೆಯ ಒಂದು ಭಾಗವನ್ನು ನಾವೇ ಇಟ್ಟುಕೊಂಡು, ಗಾಡಿ ಕುಣಿಗಲ್ಲಿಗೆ ಬಂದು ಮೂರು ದಿನ ಪರೀಕ್ಷಿಸಿದ ಮೇಲೆ ಕೊಡುವುದೆಂದೂ, ಅಲ್ಲಿಯವರೆಗೆ ಒಡೆತನವೂ ದಾರಿಯ ನಷ್ಟವೂ ಮಾರುವವನದೆಂದೂ, ಚಾವಣಿ ಸೋರಿದರೆ ಆರು ತಿಂಗಳವರೆಗೆ ರಿಪೇರಿ ಅವನ ಖರ್ಚೆಂದೂ ಬರೆಸಿಕೊಂಡೆವು. ವ್ಯಾಪಾರಿ ಮೊದಲು ಗೊಣಗಿದರೂ ಬಳಿಕ ಒಪ್ಪಿದನು. ಬೇರೆ ರಾಜ್ಯದ ಗಾಡಿಯಾದುದರಿಂದ ಅಲ್ಲಿನ ನೋಂದಣಿ ಪ್ರಾಧಿಕಾರದ ಎನ್.ಒ.ಸಿ., ವರ್ಗಾವಣೆಯ 29 ಮತ್ತು 30ನೆಯ ನಮೂನೆಗಳು, ಕರ್ನಾಟಕದ ತೆರಿಗೆ ಇವೆಲ್ಲವುಗಳಿಗೆ ಹಿಡಿದ ದಿನಗಳನ್ನು ಇಲ್ಲಿ ಹೇಳಿ ಓದುಗರನ್ನು ಬೇಸರಪಡಿಸುವುದಿಲ್ಲ. ತೆರಿಗೆಯ ಮೊತ್ತವನ್ನು ಮಾತ್ರ ಬೆಲೆ ಚೌಕಾಶಿ ಮಾಡುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಅದು ಸಣ್ಣ ಮೊತ್ತವಲ್ಲ.

ಮೂರು ದಿನಗಳ ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ. ಚಾವಣಿಯ ಮೇಲೆ ಕೊಡಗಟ್ಟಲೆ ನೀರು ಸುರಿದೆವು, ಒಂದು ಹನಿಯೂ ಇಳಿಯಲಿಲ್ಲ. ಉಳಿದ ಹಣವನ್ನು ಕೊಟ್ಟುಬಿಟ್ಟೆವು. ಮುಂಗಾರಿನ ಮೊದಲ ದೊಡ್ಡ ಮಳೆ ಸಂತೇಪೇಟೆಯಲ್ಲಿ ನಮ್ಮನ್ನು ಹಿಡಿಯಿತು. ಗಾಳಿಯೊಡನೆ ಓರೆಯಾಗಿ ಬೀಸಿದ ಆ ಮಳೆಯ ನೀರು ಚಾವಣಿಯ ಗಾಳಿಕಿಂಡಿಯ ಅಂಚಿನಿಂದ ಒಳಗಿಳಿಯಿತು. ಮೇಲಿನಿಂದ ಸುರಿದ ಕೊಡದ ನೀರಿಗೆ ಆ ದಾರಿ ಸಿಕ್ಕಿರಲಿಲ್ಲ. ಬರೆಸಿಕೊಂಡ ಮಾತಿನಂತೆ ವ್ಯಾಪಾರಿ ರಿಪೇರಿಯ ಹಣವನ್ನು ತಕರಾರಿಲ್ಲದೆ ಕಳುಹಿಸಿದನು. ಆದರೆ ಕಿಂಡಿಯ ಕೆಳಗಿನ ಮೇಜಿನ ಮೇಲೆ ಅಳತೆಯ ಪುಸ್ತಕ ತೆರೆದಿತ್ತು. ಎರಡು ಹಾಳೆಗಳ ಮಸಿ ಕಲಸಿಹೋಗಿ, ಬೆಟ್ಟದ ಮೇಲಿನ ಒಂದು ಬಾಗಿಲಿನ ಅಳತೆಗಳು ಓದಲಾಗದಂತಾದವು. ಆ ಬಾಗಿಲನ್ನು ಈ ವರ್ಷ ಮತ್ತೆ ಅಳೆಯಬೇಕಾಗಿದೆ.